ಒಂದು ಮನೆ, ಆರು ಜನ, ಜಂತುಹುಳದ ಮಾತ್ರೆ: ಒಂದು ಪ್ರಕರಣ

ಇದು ಸಾಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯ ಪ್ರಕರಣ. ಮನೆಯಲ್ಲಿ ಆರು ಜನ. ಐವತ್ತು ದಾಟಿದ ಅಜ್ಜಿ, ಅಜ್ಜ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗ, ಒಂದೂವರೆ ವರ್ಷದ ಮೊಮ್ಮಗಳು. ಯಾರ ಗುರುತೂ ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಮೆಡಿಕಲ್ ಶಾಪ್ ಒಂದರಲ್ಲಿ ಫಾರ್ಮಸಿಸ್ಟ್. ಫೆಬ್ರವರಿ ಮೂರನೇ ವಾರದಲ್ಲಿ ಅಜ್ಜಿ ಬಂದು ಕೇಳಿದ್ದು ಇಷ್ಟು: "ಮಗಾ, ಜಂತುಹುಳದ ಮಾತ್ರೆ ಆರು ಕೊಡು. ಪವರ್ ಜಾಸ್ತಿ ಇರೋದೇ ಕೊಡು. ಅಂಗನವಾಡಿಲಿ ಕೊಟ್ಟಿದ್ದು ನಡೀಲಿಲ್ಲ."

ಇಂಥ ಕೋರಿಕೆ ನಮಗೆ ಹೊಸತಲ್ಲ. ಜಂತುಹುಳದ ಮಾತ್ರೆ ಅಗ್ಗ, ಒಂದೇ ಒಂದು ನುಂಗಿದರೆ ಮುಗಿಯಿತು, ಅಡ್ಡ ಪರಿಣಾಮವೂ ಕಡಿಮೆ. ಹಾಗಾಗಿ ಕೇಳುವವರಿಗೂ ಕೊಡುವವರಿಗೂ ಅದೊಂದು ಪೆಪ್ಪರ್‌ಮಿಂಟಿನಷ್ಟು ಸಲೀಸು. ಆ ಮಾತ್ರೆಯಲ್ಲಿರುವ ಅಲ್ಬೆಂಡಜೋಲ್ ನಿಜಕ್ಕೂ ಒಳ್ಳೆಯ ಔಷಧಿ. ದೇಶದಲ್ಲಿ ವರ್ಷವರ್ಷವೂ ಕೋಟ್ಯಂತರ ಮಕ್ಕಳು ತೆಗೆದುಕೊಂಡು ಆರಾಮಾಗಿದ್ದಾರೆ. ಅದಕ್ಕೆ ಹೆದರುವ ಅಗತ್ಯವಿಲ್ಲ. ಆದರೆ ಈ ಆರು ಮಾತ್ರೆ ಯಾರ್ಯಾರ ಹೊಟ್ಟೆಗೆ ಹೋಗುತ್ತೆ ಎಂದು ಕೇಳುತ್ತಾ ಹೋದಾಗ ಒಬ್ಬೊಬ್ಬರ ಲೆಕ್ಕವೂ ಬೇರೆ ಬೇರೆ ಆಯಿತು. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಯಾವ ಹುಳ?

ಮೊದಲು ಕೇಳಿದ್ದು ಹುಳ ಕಂಡಿದ್ದು ಯಾರಿಗೆ, ಹೇಗಿತ್ತು ಅಂತ. ಮೊಮ್ಮಗನಿಗೆ. ರಾತ್ರಿ ಮಲಗಿದ ಒಂದು ಗಂಟೆಗೆಲ್ಲ ಹುಡುಗ ಗುದದ ಹತ್ತಿರ ಕೆರೆದುಕೊಂಡು ಅಳಲು ಶುರು ಮಾಡುತ್ತಿದ್ದ. ಅಜ್ಜಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಬಿಳಿ ದಾರದ ತುಂಡಿನಂಥ ಹುಳ, ಒಂದು ಸೆಂಟಿಮೀಟರ್ ಇರಬಹುದು, ಮೆಲ್ಲಗೆ ಹರಿಯುತ್ತಿತ್ತಂತೆ. "ಬೆಲ್ಲದ ಡಬ್ಬಿಗೇ ಕೈ ಹಾಕ್ತಾನೆ, ಅದಕ್ಕೇ ಹುಳ ಆಗಿರೋದು" ಎಂದರು.

ಬೆಲ್ಲ ತಿಂದರೆ ಹುಳ ಹುಟ್ಟುವುದಿಲ್ಲ. ಅಜ್ಜಿ ನೋಡಿದ್ದು ಪಿನ್‌ವರ್ಮ್. ಹೆಣ್ಣು ಹುಳ ರಾತ್ರಿ ಹೊತ್ತು ಗುದದ್ವಾರಕ್ಕೆ ಇಳಿದು ಬಂದು ಸಾವಿರಾರು ಮೊಟ್ಟೆ ಇಡುತ್ತದೆ. ಆ ಕಡಿತಕ್ಕೆ ಮಗು ಕೆರೆಯುತ್ತದೆ. ಮೊಟ್ಟೆ ಉಗುರಿನ ಸಂದಿಗೆ ಸೇರುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಮತ್ತೊಬ್ಬರಿಗೆ ಅಂಟುವ ಸ್ಥಿತಿಗೆ ಬರುತ್ತದೆ. ಬೆಳಿಗ್ಗೆ ಅದೇ ಬೆರಳು ಬಾಯಿಗೆ, ಬೆಲ್ಲದ ಡಬ್ಬಿಗೆ, ತಂಗಿಯ ಬಾಯಿಗೆ. ಅಜ್ಜಿಯ ಅನುಮಾನದಲ್ಲಿ ಡಬ್ಬಿ ಸರಿಯಾಗಿತ್ತು, ಬೆಲ್ಲ ತಪ್ಪಾಗಿತ್ತು. ಮಲ ಪರೀಕ್ಷೆಯಲ್ಲಿ ಈ ಹುಳದ ಮೊಟ್ಟೆ ಸಿಗುವುದು ಅಪರೂಪ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮೊದಲು, ಗುದದ ಸುತ್ತ ಅಂಟು ಟೇಪ್ ಒತ್ತಿ ತೆಗೆದು ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಲ್ಲಿ ಅದೂ ಬೇಕಾಗಲಿಲ್ಲ. ಟಾರ್ಚ್ ಬೆಳಕೇ ಸಾಕಾಯಿತು.

ಮಣ್ಣಿನಿಂದ ಬರುವ ದುಂಡುಹುಳು, ಕೊಕ್ಕೆಹುಳು, ಚಾಟಿಹುಳುಗಳ ದಾರಿಯೇ ಬೇರೆ. ಬಯಲಲ್ಲಿ ಬಿದ್ದ ಮಲದಿಂದ ಅವುಗಳ ಮೊಟ್ಟೆ ಮಣ್ಣಿಗೆ ಸೇರಿ ಅಲ್ಲಿ ಬಲಿಯಬೇಕು. ದುಂಡುಹುಳುವಿನ ಮೊಟ್ಟೆಗೆ ಅದಕ್ಕೆ ಎರಡು ಮೂರು ವಾರವಾದರೂ ಬೇಕು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಸರ್ಕಾರದ ಜಂತುಹುಳು ನಿವಾರಣಾ ದಿನದ ಗುರಿ ಮುಖ್ಯವಾಗಿ ಈ ಮಣ್ಣಿನ ಹುಳಗಳು. 2015ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಸಾಮಾನ್ಯವಾಗಿ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ. ನಮ್ಮ ಹುಡುಗನೂ ಫೆಬ್ರವರಿ 10ರಂದು ಒಂದು ಮಾತ್ರೆ ಅಗಿದು ತಿಂದಿದ್ದ.

ಹಾಗಾದರೆ ಹತ್ತೇ ದಿನದಲ್ಲಿ ಮತ್ತೆ ಹುಳ ಯಾಕೆ? ಮಾತ್ರೆ ಕಳಪೆ ಅಂತಲ್ಲ. ಆವತ್ತು ಹೊಟ್ಟೆಯಲ್ಲಿದ್ದ ಪಿನ್‌ವರ್ಮ್‌ಗಳನ್ನು ಅದು ಕೊಲ್ಲುತ್ತದೆ, ಮೊಟ್ಟೆಗಳನ್ನಲ್ಲ. ಮೊಟ್ಟೆ ಹಾಸಿಗೆಯಲ್ಲಿ, ಉಗುರಿನಲ್ಲಿ, ಪಕ್ಕದಲ್ಲಿ ಮಲಗುವವರ ಹೊಟ್ಟೆಯಲ್ಲಿ ಹಾಗೇ ಉಳಿದಿರುತ್ತದೆ. ಅದಕ್ಕೇ ಪಿನ್‌ವರ್ಮ್ ಇದ್ದಾಗ ಎರಡು ವಾರ ಬಿಟ್ಟು ಎರಡನೇ ಸಲ ಕೊಡಬೇಕು, ಮನೆಮಂದಿಗೆಲ್ಲ ಒಂದೇ ದಿನ ಕೊಡಬೇಕು. ಮನೆಮಂದಿಗೆಲ್ಲ ಬೇಕು ಎಂದು ಅಜ್ಜಿ ಕೇಳಿದ್ದು ಸರಿಯೇ. ತಪ್ಪಿದ್ದು 'ಪವರ್' ಮಾತ್ರ.

ಪವರ್ ಜಾಸ್ತಿ ಅಂದರೆ

'ಪವರ್ ಜಾಸ್ತಿ' ಅಂತ ಕೇಳಿದರೆ ಕೆಲವು ಅಂಗಡಿಗಳಲ್ಲಿ ಅಲ್ಬೆಂಡಜೋಲ್ ಜೊತೆ ಐವರ್‌ಮೆಕ್ಟಿನ್ ಎಂಬ ಇನ್ನೊಂದು ಹುಳದ ಔಷಧಿ ಸೇರಿದ ಮಾತ್ರೆ ಕೈಗೆ ಬರುತ್ತದೆ. ಸ್ಟ್ರಿಪ್ ನೋಡಲು ಹೆಚ್ಚುಕಡಿಮೆ ಒಂದೇ ಥರ, ಹೆಸರಿನ ಕೊನೆಯಲ್ಲಿ ಒಂದು 'ಪ್ಲಸ್' ಇರಬಹುದು ಅಷ್ಟೇ. ಹುಡುಗನನ್ನು ಕರೆದುಕೊಂಡೇ ಬಂದಿದ್ದರು. ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿದೆ. 13 ಕೆ.ಜಿ. 15 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಐವರ್‌ಮೆಕ್ಟಿನ್ ಕೊಡುವ ರೂಢಿ ಇಲ್ಲ. ಅಂಥ ಮಕ್ಕಳಲ್ಲಿ ಅದು ಎಷ್ಟು ಸುರಕ್ಷಿತ ಎನ್ನುವುದಕ್ಕೆ ಸಾಕಷ್ಟು ಆಧಾರ ಇನ್ನೂ ಸಿಕ್ಕಿಲ್ಲ. ಪಿನ್‌ವರ್ಮ್‌ಗೆ ಅದರ ಅಗತ್ಯವೂ ಇರಲಿಲ್ಲ.

ಅಷ್ಟರಲ್ಲಿ ಅಜ್ಜಿ ಇನ್ನೊಂದು ಮಾತು ಹೇಳಿದರು. ನನಗೆ ನಿಜವಾಗಿ ಗಾಬರಿಯಾಗಿದ್ದು ಆಗ. "ಕೊಟ್ಟಿಗೇಲಿ ಕರುವಿಗೆ ಕುಡಿಸೋ ಹುಳದ ಔಷಧಿ ಬಾಟ್ಲಿ ಅರ್ಧ ಇದೆ. ಅದೂ ಇದೇ ಅಲ್ವಾ? ಹೆಸರು ಹಾಗೇ ಇದೆಯಪ್ಪ ಅಂದ ನಮ್ಮೆಜಮಾನ್ರು."

ಹೆಸರು ಅದೇ. ಅಲ್ಬೆಂಡಜೋಲ್ ಅಂತಲೇ ಬರೆದಿರುತ್ತದೆ. ಆದರೆ ಮನುಷ್ಯರ ಸಿರಪ್‌ನಲ್ಲಿ 5 ಮಿ.ಲೀ.ಗೆ 200 ಮಿ.ಗ್ರಾಂ ಇರುತ್ತದೆ, ಅಂದರೆ ಒಂದು ಮಿ.ಲೀ.ಗೆ 40. ದನಗಳ ಔಷಧಿ 2.5 ಪರ್ಸೆಂಟ್ ಇದ್ದರೆ ಒಂದು ಮಿ.ಲೀ.ಗೆ 25, 10 ಪರ್ಸೆಂಟ್ ಇದ್ದರೆ 100. 10 ಪರ್ಸೆಂಟಿನ ಔಷಧಿಯನ್ನು ಎರಡು ಚಮಚ, ಅಂದರೆ 10 ಮಿ.ಲೀ. ಕುಡಿಸಿದರೆ ಹುಡುಗನ ಹೊಟ್ಟೆಗೆ 400ರ ಬದಲು 1000 ಮಿ.ಗ್ರಾಂ ಹೋಗುತ್ತದೆ. ಅದರಲ್ಲಿ ಮತ್ತೇನು ಬೆರೆಸಿದ್ದಾರೆ ಎನ್ನುವುದೂ ಬಾಟಲಿಯಿಂದ ಬಾಟಲಿಗೆ ಬೇರೆ. ಕೆಲವದರಲ್ಲಿ ಬೇರೆ ಹುಳದ ಔಷಧಿಯೂ ಸೇರಿರುತ್ತದೆ. ತೋಟ, ಕೊಟ್ಟಿಗೆ ಇರುವ ಮನೆಯವರಿಗೆ ನಾನು ಇದನ್ನು ಕೈ ಮುಗಿದು ಹೇಳುತ್ತೇನೆ. ಆ ಬಾಟಲಿ ಅಡುಗೆಮನೆಗೆ ಬರಕೂಡದು. ಕೊಟ್ಟಿಗೆಯಲ್ಲೇ, ಮಕ್ಕಳ ಕೈಗೆ ಎಟುಕದ ಕಡೆ ಇರಲಿ.

ಹರಳೆಣ್ಣೆಯ ವಿಷಯವೂ ಬಂತು. ಹಿಂದೆಲ್ಲ ಹುಳ ಬೀಳಲಿ ಅಂತ ಬೆಳಿಗ್ಗೆ ಬೆಳಿಗ್ಗೆ ಹರಳೆಣ್ಣೆ ಕುಡಿಸುತ್ತಿದ್ದರು. ಅಜ್ಜಿ ಮಾತ್ರೆಯ ಮೇಲೆ ಅದನ್ನೂ ಕುಡಿಸುವವರಿದ್ದರು. ಈ ಔಷಧಿಗೆ ಭೇದಿ ಮಾಡಿಸುವುದು ಬೇಕಿಲ್ಲ, ಉಪವಾಸವೂ ಬೇಕಿಲ್ಲ. ಅಲ್ಬೆಂಡಜೋಲ್ ಹುಳಕ್ಕೆ ಸಕ್ಕರೆಯ ಅಂಶ ಹೀರಲು ಬಿಡದೆ ಅದನ್ನು ಹಸಿವಿನಿಂದ ಸಾಯಿಸುತ್ತದೆ. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಸತ್ತ ಹುಳ ಎಷ್ಟೋ ಸಲ ಕಣ್ಣಿಗೇ ಕಾಣುವುದಿಲ್ಲ. ಹುಳ ಬೀಳಲಿಲ್ಲ ಅಂತ ಮರುದಿನ ಇನ್ನೊಂದು ಮಾತ್ರೆ ಕೊಡುವವರೂ ಇದ್ದಾರೆ. ಹಾಗೆ ಮಾಡಬಾರದು.

ಉಳಿದ ಐದು ಜನ

ಮೊಮ್ಮಗಳಿಗೆ ಒಂದೂವರೆ ವರ್ಷ. ಫೆಬ್ರವರಿ 10ರಂದು ಅವಳಿಗೆ ಜ್ವರ ಇತ್ತು. ಅಂಗನವಾಡಿಯಲ್ಲಿ ಅವಳಿಗೆ ಮಾತ್ರೆ ಕೊಡಲಿಲ್ಲ, ವಾಪಸ್ ಕಳಿಸಿದ್ದರು. ಅಜ್ಜಿಗೆ ಇದರ ಬಗ್ಗೆ ಸಿಟ್ಟಿತ್ತು. ಆದರೆ ಆವತ್ತು ಮಾಡಿದ್ದು ಸರಿಯೇ. ಹುಷಾರಿಲ್ಲದ ಮಗುವಿಗೆ ಆವತ್ತು ಕೊಡುವಂತಿಲ್ಲ. ಗುಣವಾದ ಮೇಲೆ ಕೊಡಬೇಕು, ಬಿಟ್ಟುಹೋದವರಿಗೆ ಅಂತಲೇ ಒಂದು ವಾರದ ನಂತರ ಇನ್ನೊಂದು ದಿನ ಇಟ್ಟಿರುತ್ತಾರೆ. ಆ ದಿನ ಇವರು ಹೋಗಿರಲಿಲ್ಲ.

ಒಂದರಿಂದ ಎರಡು ವರ್ಷದ ಮಕ್ಕಳಿಗೆ 200 ಮಿ.ಗ್ರಾಂ, ಅಂದರೆ ಅರ್ಧ ಮಾತ್ರೆ. ಎರಡು ವರ್ಷ ತುಂಬಿದವರಿಗೆ 400. ಒಂದು ವರ್ಷದೊಳಗಿನ ಕೂಸಿಗೆ ಮನೆಯಲ್ಲಿ ಕೊಡಲೇಬಾರದು. ಪುಟ್ಟ ಮಕ್ಕಳಿಗೆ ಹುಳಕ್ಕಿಂತ ದೊಡ್ಡ ಅಪಾಯ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಮೂರು ವರ್ಷದೊಳಗಿನವರಿಗೆ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ಕುಡಿಯುವ ನೀರಲ್ಲಿ ಕಲಸಿ ಕೊಡಬೇಕು. ಮಗು ನೆಟ್ಟಗೆ ಕೂತಿರಬೇಕು. ಅಳುವಾಗ ಕೊಡಬಾರದು. ಕೈಕಾಲು ಹಿಡಿದು, ಮೂಗು ಮುಚ್ಚಿ ಬಾಯಿಗೆ ಸುರಿಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅಳುವ ಮಗು ಉಸಿರು ಎಳೆದುಕೊಂಡಾಗ ಔಷಧಿ ಶ್ವಾಸನಾಳಕ್ಕೆ ಇಳಿದರೆ ಮಗುವಿನ ಪ್ರಾಣವೇ ಹೋಗಬಹುದು. ಇವತ್ತು ಹಟ ಮಾಡಿದರೆ ನಾಳೆ ಕೊಟ್ಟರಾಯಿತು, ಹುಳ ಎಲ್ಲಿಗೂ ಓಡಿ ಹೋಗುವುದಿಲ್ಲ. ಹುಡುಗನಿಗೆ ನಾಲ್ಕು ವರ್ಷವಾದರೂ ಚೆನ್ನಾಗಿ ಅಗಿದು ನುಂಗುತ್ತಾನಾ ಅಂತ ಎದುರಿಗೆ ನಿಂತು ನೋಡಿ ಎಂದೆ.

ಅಜ್ಜನಿಗೆ ಬಿಪಿ ಮಾತ್ರೆ ಬಿಟ್ಟರೆ ಬೇರೇನಿಲ್ಲ. ಅಜ್ಜಿಗೂ ಕಾಯಿಲೆ ಇಲ್ಲ, ಆದರೆ ಮುಖ ಬಿಳಿಚಿಕೊಂಡಿತ್ತು, ತೋಟದ ದಿಬ್ಬ ಹತ್ತಿದರೆ ಏದುಸಿರು ಎಂದರು. ತೋಟಕ್ಕೆ ಬರಿಗಾಲಲ್ಲೇ ಹೋಗುವ ರೂಢಿ. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ದಿನಾ ಒಂದಿಷ್ಟು ರಕ್ತ ಹೀರುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ ಎಂದೆ.

ಸೊಸೆಯ ವಿಷಯಕ್ಕೆ ಬಂದಾಗ ಅಜ್ಜಿ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಹೋದ ತಿಂಗಳು ಹೊರಗಾಗಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ ನಾವು." ಗರ್ಭದ ಮೊದಲ ಮೂರು ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡುವುದಿಲ್ಲ. ಮಗುವಿನ ಅಂಗಾಂಗ ರೂಪುಗೊಳ್ಳುವ ಹೊತ್ತು ಅದು. ನಾಲ್ಕನೇ ತಿಂಗಳಿನಿಂದಾಚೆಗೆ ವೈದ್ಯರು ತಾವೇ ಒಂದು ಮಾತ್ರೆ ಕೊಡುತ್ತಾರೆ, ಬಸುರಿಯರ ರಕ್ತಹೀನತೆ ತಡೆಯುವ ಕಾರ್ಯಕ್ರಮದಲ್ಲೇ ಅದು ಇದೆ. ಕೌಂಟರಿನಲ್ಲಿ ನಾಲ್ಕು ಜನರ ನಡುವೆ ಈ ಪ್ರಶ್ನೆ ಕೇಳುವುದು ಸುಲಭವಲ್ಲ. ಕೇಳದೇ ಇದ್ದಿದ್ದರೆ ಆರನೇ ಮಾತ್ರೆ ಆ ಹುಡುಗಿಯ ಹೊಟ್ಟೆಗೆ ಹೋಗಿರುತ್ತಿತ್ತು. ಪಕ್ಕಕ್ಕೆ ಕರೆದಾದರೂ ಸರಿ, ಇದನ್ನು ಪ್ರತಿ ಸಲವೂ ಕೇಳಬೇಕು.

ಇನ್ನು ಮಗ. "ಅವನಿಗೇನಿಲ್ಲ, ಗಟ್ಟಿಮುಟ್ಟಾಗಿದ್ದಾನೆ" ಎಂದರು. ದಿನಾ ತಿನ್ನುವ ಮಾತ್ರೆ ಏನಾದರೂ ಇದೆಯಾ ಅಂತ ಕೇಳಿದೆ. "ಹಾಂ, ಫಿಟ್ಸ್ ಮಾತ್ರೆ ಒಂದು ತಿಂತಾನೆ. ಮೂರ್ನಾಲ್ಕು ವರ್ಷದ ಹಿಂದೆ ಬಂದಿತ್ತು. ಈಗೇನೂ ಇಲ್ಲ." ಆಗ ಸ್ಕ್ಯಾನ್ ಮಾಡಿಸಿದ್ದರು, ಮಿದುಳಲ್ಲಿ ಏನೋ ಗುಳ್ಳೆ ಅಂದಿದ್ದರಂತೆ.

ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ನಮ್ಮ ದೇಶದಲ್ಲಿ ಮೂರ್ಛೆಗೆ ಲಾಡಿಹುಳು ಒಂದು ಮುಖ್ಯ ಕಾರಣ. ಹಂದಿಯ ಲಾಡಿಹುಳುವಿನ ಮೊಟ್ಟೆ ಹೊಟ್ಟೆಗೆ ಹೋದರೆ ಅದರ ಮರಿ ರಕ್ತದ ಜೊತೆ ಮಿದುಳಿಗೆ ಹೋಗಿ ಅಲ್ಲಿ ಗುಳ್ಳೆಯಾಗಿ ಕೂರಬಹುದು. "ನಮ್ಮ ಮನೇಲಿ ಮೊಟ್ಟೆನೂ ತಿನ್ನಲ್ಲ, ಹಂದಿ ಎಲ್ಲಿಂದ ಬಂತು" ಎಂದು ಅಜ್ಜಿ ಬೇಜಾರು ಮಾಡಿಕೊಂಡರು. ಮಿದುಳಿಗೆ ಹೋಗುವುದು ಮಾಂಸದಿಂದಲ್ಲ. ಹೊಟ್ಟೆಯಲ್ಲಿ ಲಾಡಿಹುಳು ಇರುವ ಯಾರದೋ ಮಲದಲ್ಲಿರುವ ಮೊಟ್ಟೆ, ತೊಳೆಯದ ಸೊಪ್ಪು ಸೌತೆಕಾಯಿಯ ಮೇಲೋ ಅಡುಗೆಯವರ ಕೈಯಲ್ಲೋ ಕೂತು ಬರುತ್ತದೆ. ಶುದ್ಧ ಸಸ್ಯಾಹಾರಿಗಳಿಗೂ ಬರುತ್ತದೆ.

ಇಂಥ ಗುಳ್ಳೆ ಜೀವಂತ ಇರುವಾಗ ಹುಳದ ಔಷಧಿ ಕೊಟ್ಟರೆ ಗುಳ್ಳೆ ಸಾಯುವಾಗ ಸುತ್ತಲೂ ಊತ ಬರುತ್ತದೆ. ಆಗ ತಲೆನೋವು, ವಾಂತಿ, ಮತ್ತೆ ಫಿಟ್ಸ್ ಬರಬಹುದು. ಹೊಟ್ಟೆಯ ಹುಳಕ್ಕೆ ಅಂತ ಅಲ್ಬೆಂಡಜೋಲ್ ತೆಗೆದುಕೊಂಡಾಗ ಮಿದುಳಿನ ಗುಳ್ಳೆ ಹೀಗೆ ಬಯಲಾಗಬಹುದು ಎಂಬ ಎಚ್ಚರಿಕೆ ಔಷಧಿಯ ಮಾಹಿತಿ ಚೀಟಿಯಲ್ಲೇ ಇದೆ. ಮಿದುಳಿನ ಗುಳ್ಳೆಗೂ ಇದೇ ಔಷಧಿ ಕೊಡುತ್ತಾರೆ, ನಿಜ. ಆದರೆ ಸ್ಕ್ಯಾನ್ ನೋಡಿ, ಊತ ತಡೆಯಲು ಸ್ಟೀರಾಯ್ಡ್ ಜೊತೆಗಿಟ್ಟು, ವೈದ್ಯರ ಕಣ್ಣೆದುರು. ಒಂದೇ ಮಾತ್ರೆಯಿಂದ ಹೀಗಾಗುವುದು ಅಪರೂಪ. ಆದರೂ ಫಿಟ್ಸ್ ಬಂದವರು, ಕಾರಣ ಗೊತ್ತಿಲ್ಲದ ತಲೆನೋವಿನಿಂದ ಒದ್ದಾಡುವವರು ಕೌಂಟರಿನಿಂದ ಸುಮ್ನೆ ತೆಗೆದುಕೊಂಡು ನುಂಗಬಾರದು.

ಏನು ಮಾಡಿದೆವು

ಆವತ್ತು ನಾನು ಒಂದು ಮಾತ್ರೆಯನ್ನೂ ಕೊಡಲಿಲ್ಲ. ಒಂದು ಹಾಳೆಯಲ್ಲಿ ಆರೂ ಜನರ ವಯಸ್ಸು, ಹುಡುಗನ ತೂಕ, ಫೆಬ್ರವರಿ 10ರ ಮಾತ್ರೆ, ಸೊಸೆಯ ವಿಷಯ, ಮಗನ ಮಾತ್ರೆಯ ಹೆಸರು ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಲು ಹೇಳಿದೆ. ಅಜ್ಜಿಗೆ ಬೇಸರವಾಯಿತು. ಬಸ್ಸಿನ ಖರ್ಚು, ಅರ್ಧ ದಿನದ ಕೆಲಸ ಎರಡೂ ಹೋಗುತ್ತವೆ, ಬೇಸರ ಸಹಜ. ಮರುದಿನ ವೈದ್ಯರ ಚೀಟಿಯೊಂದಿಗೆ ಬಂದರು.

ವೈದ್ಯರು ಫೆಬ್ರವರಿ 24 ಗೊತ್ತು ಮಾಡಿದ್ದರು. ಹುಡುಗನಿಗೆ ಹಿಂದಿನ ಮಾತ್ರೆಯಿಂದ ಸರಿಯಾಗಿ ಎರಡು ವಾರ. ಅಜ್ಜ, ಅಜ್ಜಿ, ಹುಡುಗ ಮೂವರಿಗೂ 400 ಮಿ.ಗ್ರಾಂ. ಪಾಪುವಿಗೆ ಸಿರಪ್ 5 ಮಿ.ಲೀ. ನಾಲ್ವರಿಗೂ ಒಂದೇ ದಿನ, ಮತ್ತೆ ಮಾರ್ಚ್ 10ರಂದು ಅಷ್ಟೇ. ನಾನು ಪ್ರತಿ ಕವರಿನ ಮೇಲೂ ಯಾರಿಗೆ, ಯಾವ ದಿನ ಅಂತ ದಪ್ಪಕ್ಷರದಲ್ಲಿ ಬರೆದೆ. ಸಿರಪ್ ವಿಷಯದಲ್ಲಿ ಮಾತ್ರ ಜಾಸ್ತಿ ಹೊತ್ತು ನಿಂತೆ. ಅಂಗಡಿಯಲ್ಲಿ ಸಿಗುವ 10 ಮಿ.ಲೀ. ಬಾಟಲಿ ಎರಡು ವರ್ಷ ದಾಟಿದವರಿಗೆ ಪೂರ್ತಿ ಒಂದು ಡೋಸ್. ಅದನ್ನು ನೋಡಿ ಅಭ್ಯಾಸ ಆದವರು ಪುಟ್ಟ ಮಗುವಿಗೂ ಪೂರ್ತಿ ಬಾಟಲಿ ಕುಡಿಸಿಬಿಡುತ್ತಾರೆ. ಚೆನ್ನಾಗಿ ಅಲುಗಾಡಿಸಿ, ಮನೆಯ ಚಮಚ ಬೇಡ, ಅಳತೆಯ ಮುಚ್ಚಳದಲ್ಲಿ 5ರ ಗೆರೆಯವರೆಗೆ ಎಂದು ತೋರಿಸಿದೆ. ಗೆರೆಯ ಮೇಲೆ ಪೆನ್ನಿನಿಂದ ಗುರುತು ಹಾಕಿದೆ. ಉಳಿದದ್ದನ್ನು ಇಟ್ಟುಕೊಳ್ಳಬೇಡಿ, ಸಿಹಿ ಅಂತ ಹುಡುಗ ಕುಡಿದುಬಿಟ್ಟಾನು. ಎರಡನೇ ಸಲಕ್ಕೆ ಹೊಸ ಬಾಟಲಿ.

ಸೊಸೆಗೂ ಮಗನಿಗೂ ಮಾತ್ರೆ ಇಲ್ಲವಲ್ಲ, ಹಾಗಾಗಿ ಮನೆಯ ಕೆಲಸ ಹೆಚ್ಚಿತು. ಹುಡುಗ ಅಮ್ಮನ ಮಗ್ಗುಲಲ್ಲೇ ಮಲಗುತ್ತಿದ್ದ. ಅವನನ್ನು ಅಜ್ಜಿಯ ಹಾಸಿಗೆಗೆ ಬದಲಾಯಿಸಿದರು. ರಾತ್ರಿ ಬಿಗಿಯಾದ ಚಡ್ಡಿ. ಬೆಳಿಗ್ಗೆ ಎದ್ದ ಕೂಡಲೇ ಸ್ನಾನ, ಏಕೆಂದರೆ ರಾತ್ರಿ ಇಟ್ಟ ಮೊಟ್ಟೆ ಆಗ ತೊಳೆದುಹೋಗುತ್ತದೆ. ಎಲ್ಲರ ಉಗುರು ಬುಡದವರೆಗೆ ಕತ್ತರಿಸಿದರು. ಚಾದರ, ಟವೆಲ್ಲು, ಒಳಚಡ್ಡಿಗಳನ್ನು ಬಚ್ಚಲ ಹಂಡೆಯ ಕುದಿಯುವ ನೀರಲ್ಲಿ ನೆನೆಸಿ ಒಗೆದರು. ಹಾಸಿಗೆಯನ್ನು ಒಳಗೆ ಕೊಡವಬೇಡಿ, ಮೊಟ್ಟೆ ದೂಳಿನ ಹಾಗೆ ಹಾರುತ್ತದೆ ಎಂದೆ. ಇದನ್ನು ಆರು ವಾರ ನಡೆಸಬೇಕು. ದೊಡ್ಡ ಹುಳದ ಆಯಸ್ಸು ಹೆಚ್ಚುಕಡಿಮೆ ಅಷ್ಟೇ. ಮತ್ತೆ ಮತ್ತೆ ಮೊಟ್ಟೆ ಬಾಯಿಗೆ ಹೋಗದಿದ್ದರೆ ಮಾತ್ರೆ ಇಲ್ಲದೆಯೂ ಪಿನ್‌ವರ್ಮ್ ಮುಗಿಯುತ್ತದೆ. ಸೊಸೆಯ ಮಟ್ಟಿಗೆ ಅದೇ ಚಿಕಿತ್ಸೆ.

ಯಾವಾಗ ಹೆದರಬೇಕು ಎಂಬುದನ್ನೂ ಹೇಳಿ ಕಳಿಸಿದೆ. ಮಾತ್ರೆ ತಿಂದ ದಿನ ಸ್ವಲ್ಪ ಹೊಟ್ಟೆನೋವು, ವಾಕರಿಕೆ, ತಲೆಸುತ್ತು ಬರಬಹುದು. ಹುಳ ಜಾಸ್ತಿ ಇದ್ದವರಲ್ಲಿ ಇದು ಹೆಚ್ಚು. ನೀರು ಕುಡಿಸಿ ಮಲಗಿಸಿದರೆ ಸಾಮಾನ್ಯವಾಗಿ ಅದೇ ದಿನ ಸರಿಹೋಗುತ್ತದೆ. ಮೈ ಮೇಲೆ ಗಂಧೆ, ತುಟಿ ಮುಖ ಊದುವುದು, ಉಸಿರು ಕಟ್ಟುವುದು ಆದರೆ ತಡ ಮಾಡದೆ ಆಸ್ಪತ್ರೆ. ಹೊಟ್ಟೆ ಉಬ್ಬಿ, ಬಿಡದೆ ವಾಂತಿಯಾಗಿ, ಮಲ ಗಾಳಿ ಎರಡೂ ನಿಂತರೆ ದುಂಡುಹುಳುಗಳ ಗಂಟು ಕರುಳಿಗೆ ಅಡ್ಡ ಕೂತಿರಬಹುದು. ಆಗ ಮನೆಯಲ್ಲಿ ಹುಳದ ಔಷಧಿ ಕೊಡಲೇಬಾರದು, ನೇರ ಆಸ್ಪತ್ರೆಗೆ ಒಯ್ಯಬೇಕು.

ಮುಂದೇನಾಯಿತು

ಫೆಬ್ರವರಿ 24ರಂದು ಹುಡುಗನಿಗೆ ಮಧ್ಯಾಹ್ನ ಸ್ವಲ್ಪ ಹೊಟ್ಟೆನೋವು ಬಂದು ಸಂಜೆಗೆ ಹೋಯಿತು. ಪಾಪು ಮೊದಲ ಸಲ ಅತ್ತು ಹಟ ಮಾಡಿದ್ದಕ್ಕೆ ಅಜ್ಜಿ ಬಿಟ್ಟು, ಸಂಜೆ ಆಟವಾಡುತ್ತಿದ್ದಾಗ ಕುಡಿಸಿದರು. ಇದನ್ನು ಕೇಳಿ ನನಗೆ ತುಂಬ ಖುಷಿಯಾಯಿತು. ಮಾರ್ಚ್ ಮೊದಲ ವಾರದ ಹೊತ್ತಿಗೆ ರಾತ್ರಿಯ ಕೆರೆತ ನಿಂತಿತ್ತು. 'ಹೋಯ್ತಲ್ಲ, ಇನ್ಯಾಕೆ' ಅಂತ ಎರಡನೇ ಡೋಸ್ ಬಿಡುವವರೇ ಹೆಚ್ಚು. ಇವರು ಬಿಡಲಿಲ್ಲ.

ಅಜ್ಜಿಯ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಶುರುವಾಯಿತು, ತೋಟಕ್ಕೆ ಚಪ್ಪಲಿಯೂ ಬಂತು. ಮಗ ಹಳೆಯ ಸ್ಕ್ಯಾನ್ ಹಿಡಿದು ಶಿವಮೊಗ್ಗದಲ್ಲಿ ನರರೋಗ ತಜ್ಞರನ್ನು ಕಂಡ. ಹೊಸ ಸ್ಕ್ಯಾನ್‌ನಲ್ಲಿ ಆ ಗುಳ್ಳೆ ಸುಣ್ಣಗಟ್ಟಿದ ಚುಕ್ಕೆಯಾಗಿತ್ತು. ಹುಳ ಎಂದೋ ಸತ್ತಿದೆ, ಕೊಲ್ಲಲು ಏನೂ ಉಳಿದಿಲ್ಲ, ಆದರೆ ಫಿಟ್ಸ್ ಮಾತ್ರೆ ಕೇಳದೆ ನಿಲ್ಲಿಸಬೇಡಿ ಎಂದರಂತೆ. ಅವನಿಗೆ ಕೆರೆತವೇನೂ ಇರಲಿಲ್ಲ, ಹಾಗಾಗಿ ಜಂತುಹುಳದ ಮಾತ್ರೆಯೂ ಬೇಕಾಗಲಿಲ್ಲ. ಸೊಸೆ ತಾಯಿ ಕಾರ್ಡ್ ಮಾಡಿಸಿದ್ದಾಳೆ. ನಾಲ್ಕು ತಿಂಗಳು ತುಂಬಿದ ಮೇಲೆ ಅಲ್ಲೇ ವೈದ್ಯರ ಎದುರು ಮಾತ್ರೆ ತೆಗೆದುಕೊಂಡಳು.

ಆಗಸ್ಟ್ ಹತ್ತಿರ ಬಂದಾಗ ಅಜ್ಜಿ ಫೋನ್ ಮಾಡಿದರು. "ಮತ್ತೆ ಅಂಗನವಾಡಿಲಿ ಕೊಡ್ತಾರಂತೆ. ಇಷ್ಟೆಲ್ಲ ತಿಂದಿದಾರಲ್ಲ, ಬೇಡ ಅಂದುಬಿಡ್ಲಾ?" ಬೇಡ ಅನ್ನಬೇಡಿ, ಕೊಡಿಸಿ ಎಂದೆ. ಮಾರ್ಚ್ ಆಗಿ ಐದು ತಿಂಗಳಾಗಿದೆ, ಮಳೆಗಾಲದ ಮಣ್ಣಲ್ಲಿ ಮಕ್ಕಳು ಆಡಿದ್ದಾರೆ, ಆ ಮಾತ್ರೆ ಮಣ್ಣಿನ ಹುಳಗಳಿಗೆ. ಪಾಪುವಿಗೆ ಎರಡು ವರ್ಷ ತುಂಬಿತಾ ಅಂತ ಕೇಳಿದೆ. ಹುಟ್ಟುಹಬ್ಬ ಜುಲೈನಲ್ಲೇ ಆಯಿತು ಎಂದರು. ಹಾಗಾದರೆ ಈ ಸಲ ಅವಳಿಗೆ ಪೂರ್ತಿ ಮಾತ್ರೆ, ಪುಡಿ ಮಾಡಿ, ನೀರಲ್ಲಿ ಕಲಸಿ.